ಯಂತ್ರಪ್ರಶ್ನೆಗೆ ಲಿಖಿತೋತ್ತರ

1

ಗಣಕಯಂತ್ರಕ್ಕೆ ಕೆಲಸವನ್ನು ಹೇಳುವವನು ಎರಡು ಬಗೆಯಾಗಿ ಹೇಳಬಹುದು. ಮಾಡಬೇಕಾದುದನ್ನೆಲ್ಲ ಮೊದಲೇ ಬರೆದು ಒಪ್ಪಿಸಿ ತಾನು ಎದ್ದುಹೋಗುವುದು ಒಂದು ಬಗೆ. ಯಂತ್ರದ ಎದುರಿಗೆ ಕುಳಿತು, ಅದು ಕೇಳಿದಾಗಲೆಲ್ಲ ಉತ್ತರವನ್ನು ಕೊಡುತ್ತ ಕೆಲಸವನ್ನು ಮುಂದಕ್ಕೆ ನಡೆಸುವುದು ಇನ್ನೊಂದು ಬಗೆ. ಮೊದಲನೆಯದನ್ನು ಲೇಖಮುಖವಾದ ವ್ಯವಹಾರವೆಂದೂ ಎರಡನೆಯದನ್ನು ಸಂವಾದಮುಖವಾದ ವ್ಯವಹಾರವೆಂದೂ ಹೇಳಬಹುದು. ಇವೆರಡೂ ಬೇರೆಬೇರೆಯಾಗಿದ್ದಷ್ಟು ಕಾಲ ತೊಡಕೇನೂ ಇರಲಿಲ್ಲ. ಸಂವಾದಕ್ಕಾಗಿಯೇ ಹುಟ್ಟಿದ ಆದೇಶವನ್ನು ಲೇಖದ ಮೂಲಕ ನಡೆಸಬೇಕೆಂಬ ಅಪೇಕ್ಷೆಯು ಹುಟ್ಟಿದಾಗ, ಎಂದರೆ ಯಂತ್ರವು ಕೇಳುವ ಪ್ರಶ್ನೆಗೆ ಮನುಷ್ಯನ ಬದಲು ಅವನ ಬರಹವೇ ಉತ್ತರವನ್ನು ಹೇಳಬೇಕೆಂದಾದಾಗ, ತೊಡಕು ತಲೆದೋರಿತು. ಈ ತೊಡಕು ಹೇಗೆ ಹುಟ್ಟಿತು, ಯಾರು ಯಾರು ಅದನ್ನು ಯಾವ ಯಾವ ಉಪಾಯಗಳಿಂದ ಬಿಡಿಸಲು ಯತ್ನಿಸಿದರು, ಬಿಡಿಸಿದ ಮೇಲೆ ಉಳಿದ ಸಂದೇಹವೇನು ಎಂಬುದೇ ಪ್ರಕೃತ ಲೇಖನದ ವಿಷಯವಾಗಿದೆ.

ಪರಿಭಾಷೆಯನ್ನು ಮೊದಲು ನಿಶ್ಚಯಿಸಿಕೊಳ್ಳುವುದು ಯುಕ್ತ. ಯಂತ್ರವು ನಡೆಸುವ ಪ್ರೋಗ್ರಾಮನ್ನು ಇಲ್ಲಿ ಕ್ರಮವಿಧಿಯೆಂದು ಕರೆದಿದೆ. ಆದೇಶಗಳನ್ನು ಅನುಕ್ರಮವಾಗಿ ಬರೆದಿಟ್ಟು ಯಂತ್ರದಿಂದ ಒಂದೊಂದಾಗಿ ನಡೆಸುವ ಸ್ಕ್ರಿಪ್ಟನ್ನು ಆದೇಶಲೇಖವೆಂದು ಕರೆದಿದೆ. ಸ್ಕ್ರಿಪ್ಟ್ ಎಂಬ ಮಾತಿಗೆ ಲ್ಯಾಟಿನ್ ಮೂಲದಲ್ಲಿ “ಬರೆದದ್ದು” ಎಂದೇ ಅರ್ಥವಾಗಿರುವುದರಿಂದ ಈ ಹೆಸರು ಅಸಂಗತವಲ್ಲ.

ಇನ್ನು ಯಂತ್ರವು ಮನುಷ್ಯನನ್ನು ಕೇಳುವ ಪ್ರಶ್ನೆಗಳನ್ನು ಪರಿಶೀಲಿಸಿದರೆ ಅವು ಮೂರು ವಿಧವಾಗಿರುವುದು ಕಂಡುಬರುತ್ತದೆ. ಕಡತದ ಹೆಸರೇನು, ಯಾವ ಭಾಷೆಯಲ್ಲಿ ನಡೆಯಬೇಕು ಎಂದು ಕೇಳುವುದು ಜಿಜ್ಞಾಸೆಯ ಪ್ರಶ್ನೆ. ಅಳಿಸಲೇ, ಮುಂದುವರಿಯಲೇ ಎಂದು ಕೇಳುವುದು ಅನುಮತಿಯ ಪ್ರಶ್ನೆ. ನಿನ್ನ ಗುಪ್ತಪದವೇನು ಎಂದು ಕೇಳುವುದು ಅಧಿಕಾರದ ಪ್ರಶ್ನೆ. ಮೂರೂ ತೆರೆಯ ಮೇಲೆ ಒಂದೇ ರೂಪದಲ್ಲಿ ಕಾಣಿಸಿಕೊಳ್ಳುವುದರಿಂದ ಇವುಗಳ ಭೇದವು ಬಹುಕಾಲ ಯಾರ ಗಮನಕ್ಕೂ ಸರಿಯಾಗಿ ಬಾರದೆ ಹೋಯಿತು. ಈ ಚರಿತ್ರೆಯಲ್ಲಿ ನಡೆದ ಹಲವು ವಾದಗಳಿಗೂ ಹಲವು ಅನರ್ಥಗಳಿಗೂ ಈ ಭೇದವನ್ನು ಕಾಣದಿರುವುದೇ ಕಾರಣವೆಂಬುದು ಮುಂದೆ ಸ್ಪಷ್ಟವಾಗುವುದು.

2

ಆದಿಯಲ್ಲಿ ಸಂವಾದವೆಂಬುದೇ ಇರಲಿಲ್ಲ. 1956ರಲ್ಲಿ ಐಬಿಎಂ 704 ಯಂತ್ರಕ್ಕಾಗಿ ಜನರಲ್ ಮೋಟಾರ್ಸ್ ಮತ್ತು ನಾರ್ತ್ ಅಮೆರಿಕನ್ ಏವಿಯೇಷನ್ ಸಂಸ್ಥೆಗಳವರು ಕೂಡಿ ಸಿದ್ಧಪಡಿಸಿದ ವ್ಯವಸ್ಥೆಯಲ್ಲಿ ಕೆಲಸಗಳು ಒಂದರ ಹಿಂದೊಂದಾಗಿ ತಾವಾಗಿಯೇ ನಡೆಯುವಂತೆ ಏರ್ಪಾಡಾಗಿದ್ದಿತು. ರಂಧ್ರಮಾಡಿದ ಕಾರ್ಡುಗಳ ಕಟ್ಟನ್ನು ಒಪ್ಪಿಸಿದವನು ಫಲಿತಾಂಶಕ್ಕಾಗಿ ಗಂಟೆಗಟ್ಟಲೆ, ಕೆಲವು ವೇಳೆ ಮರುದಿನದವರೆಗೂ, ಕಾಯಬೇಕಾಗಿದ್ದಿತು. 1964ರಲ್ಲಿ ಪ್ರಕಟವಾದ ಐಬಿಎಂ ಸಿಸ್ಟಂ/360 ಯಂತ್ರಸಮೂಹದ ಕಾರ್ಯಾಚರಣ ವ್ಯವಸ್ಥೆಯಲ್ಲಿಯೂ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ವರ್ಣಿಸಿ ಒಪ್ಪಿಸುವುದಕ್ಕೆಂದೇ ಒಂದು ಪ್ರತ್ಯೇಕ ಭಾಷೆಯು ಏರ್ಪಟ್ಟಿತು. ಇಂತಹ ವ್ಯವಸ್ಥೆಯಲ್ಲಿ ಕ್ರಮವಿಧಿಯು ಪ್ರಶ್ನೆಯನ್ನು ಕೇಳುವುದಕ್ಕೆ ಎದುರಿಗೆ ಯಾರೂ ಇರುವುದಿಲ್ಲ. ಇಲ್ಲದವರನ್ನು ಕೇಳುವ ಕ್ರಮವಿಧಿಯನ್ನು ಯಾರೂ ಬರೆಯುವುದಿಲ್ಲ. ಆದುದರಿಂದ ಎಲ್ಲ ಉತ್ತರಗಳೂ ಪ್ರಶ್ನೆಗಿಂತ ಮೊದಲೇ ಲೇಖದಲ್ಲಿ ಸೇರಿರುತ್ತಿದ್ದುವು.

ಈ ಸ್ಥಿತಿಯನ್ನು ಬದಲಿಸಿದುದು ಕಾಲಹಂಚಿಕೆಯ ಪದ್ಧತಿ. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಎಂಬ ವಿದ್ವಾಂಸರೂ ಅವರ ಸಹಕಾರಿಗಳೂ 1961ರ ನವೆಂಬರಿನಲ್ಲಿ ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯನ್ನು ಮೊದಲಬಾರಿಗೆ ಪ್ರದರ್ಶಿಸಿದರು. ಒಂದೇ ಯಂತ್ರದ ಮುಂದೆ ಅನೇಕರು ತಮ್ಮ ತಮ್ಮ ಬೆರಳಚ್ಚಿನ ಟರ್ಮಿನಲ್ಲುಗಳಲ್ಲಿ ಕುಳಿತು, ಆದೇಶವನ್ನು ಒತ್ತಿ, ಉತ್ತರವನ್ನು ಆ ಕ್ಷಣವೇ ಪಡೆಯುವುದು ಇದರಿಂದ ಸಾಧ್ಯವಾಯಿತು. ಯಂತ್ರವು ಕೇಳುವುದಕ್ಕೆ ಎದುರಿಗೆ ಮನುಷ್ಯನು ಬಂದು ಕುಳಿತನು. ಒಬ್ಬರ ಕಡತವನ್ನು ಇನ್ನೊಬ್ಬರು ನೋಡಬಾರದೆಂಬ ಕಾರಣದಿಂದ ಗುಪ್ತಪದವನ್ನು ಕೇಳುವ ಪದ್ಧತಿಯೂ ಇದೇ ವ್ಯವಸ್ಥೆಯಲ್ಲಿ ರೂಢಿಗೆ ಬಂದಿತು. ಜಿಜ್ಞಾಸೆಯ ಪ್ರಶ್ನೆಯೂ ಅಧಿಕಾರದ ಪ್ರಶ್ನೆಯೂ ಹೀಗೆ ಬಹುಮಟ್ಟಿಗೆ ಒಂದೇ ಮನೆಯಲ್ಲಿ ಹುಟ್ಟಿದ ಕೂಸುಗಳು.

ಸಂವಾದವು ಹುಟ್ಟಿದ ಬೆನ್ನಲ್ಲಿಯೇ ಅದರ ಬೇಸರವೂ ಹುಟ್ಟಿತು. ಅದೇ ಹತ್ತು ಆದೇಶಗಳನ್ನು ದಿನದಿನವೂ ಒತ್ತುವುದು ವಿದ್ವಾಂಸನ ಕೆಲಸವಲ್ಲವೆಂದು ತೋರಿದುದು ಸಹಜ. ಫ್ರಾನ್ಸ್ ದೇಶದಿಂದ ಬಂದು ಆ ಸಂಸ್ಥೆಯಲ್ಲಿ ಕೆಲಸಮಾಡುತ್ತಿದ್ದ ಲೂಯಿ ಪೂಜಿನ್ ಎಂಬವರು 1963ರ ಸುಮಾರಿಗೆ ರನ್‌ಕಾಂ ಎಂಬ ಸಾಧನವನ್ನು ರಚಿಸಿದರು. ಆದೇಶಗಳ ಸರಣಿಯನ್ನು ಒಂದು ಕಡತದಲ್ಲಿ ಬರೆದಿಟ್ಟರೆ ಅದನ್ನು ಓದಿ ಒಂದೊಂದಾಗಿ ನಡೆಸುವುದು ಅದರ ಕೆಲಸ. ಸರಣಿಯಲ್ಲಿ ಬಿಟ್ಟ ಸ್ಥಾನಗಳಿಗೆ ಕರೆಯುವ ಕಾಲದಲ್ಲಿ ಬೇಕಾದ ಪದಗಳನ್ನು ತುಂಬುವ ಅನುಕೂಲವೂ ಇದ್ದಿತು. ಮುಂದೆ 1965ರಲ್ಲಿ ಮಲ್ಟಿಕ್ಸ್ ಎಂಬ ವ್ಯವಸ್ಥೆಗಾಗಿ ಬರೆದ ಲೇಖನದಲ್ಲಿ ಪೂಜಿನ್ ಅವರು ಆದೇಶಗಳನ್ನು ಅರ್ಥೈಸಿ ನಡೆಸುವ ಭಾಗಕ್ಕೆ “ಶೆಲ್”, ಎಂದರೆ ಚಿಪ್ಪು, ಎಂಬ ಹೆಸರನ್ನು ಕೊಟ್ಟರು. ಆ ಹೆಸರು ನಿಂತಿತು. ರನ್‌ಕಾಂ ಎಂಬುದರ ಸಂಕ್ಷೇಪವಾದ “ಆರ್‌ಸಿ” ಎಂಬ ಎರಡಕ್ಷರವು ಇಂದಿಗೂ ಅನೇಕ ವ್ಯವಸ್ಥಾಕಡತಗಳ ಹೆಸರಿನ ಕೊನೆಯಲ್ಲಿ ಉಳಿದುಕೊಂಡಿದೆ. ಅದನ್ನು ದಿನವೂ ಬಳಸುವವರಲ್ಲಿ ಅದರ ಮೂಲವನ್ನು ಬಲ್ಲವರು ವಿರಳ.

ಆದರೆ ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಆದೇಶಗಳನ್ನು ಸರಣಿಯಾಗಿ ನಡೆಸುವುದು ಬೇರೆ. ಒಂದು ಆದೇಶದ ಒಳಗೆ ನಡೆಯುವ ಸಂವಾದವನ್ನು ನಡೆಸುವುದು ಬೇರೆ. ಮೊದಲನೆಯದರಲ್ಲಿ ಲೇಖವು ಯಜಮಾನ, ಕ್ರಮವಿಧಿಯು ಸೇವಕ. ಎರಡನೆಯದರಲ್ಲಿ ಕ್ರಮವಿಧಿಯೇ ಪ್ರಶ್ನೆಮಾಡುವ ಸ್ಥಾನದಲ್ಲಿರುತ್ತದೆ; ಲೇಖವು ಅದರ ಮಾತನ್ನು ಕೇಳಿಸಿಕೊಂಡು ಉತ್ತರಿಸಬೇಕಾಗುತ್ತದೆ. ಬರೆಯಲು ಮಾತ್ರ ಬಲ್ಲ ಲೇಖಕ್ಕೆ ಕೇಳಿಸಿಕೊಳ್ಳುವ ಶಕ್ತಿಯು ಎಲ್ಲಿಂದ ಬರಬೇಕು?

3

ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಅವರು 1969ರಲ್ಲಿ ಆರಂಭಿಸಿದ ಯೂನಿಕ್ಸ್ ವ್ಯವಸ್ಥೆಯು ಈ ಪ್ರಶ್ನೆಗೆ ಅರ್ಧ ಉತ್ತರವನ್ನು ಕೊಟ್ಟಿತು. ಅಲ್ಲಿ ಪ್ರತಿಯೊಂದು ಕ್ರಮವಿಧಿಗೂ ಒಳಹರಿವು ಒಂದು, ಹೊರಹರಿವು ಒಂದು ಇರುತ್ತದೆ. ಇವು ಟರ್ಮಿನಲ್ಲಿಗೆ ಸೇರಿರಬಹುದು, ಕಡತಕ್ಕೆ ಸೇರಿರಬಹುದು; ಕ್ರಮವಿಧಿಯು ಆ ಭೇದವನ್ನು ಎಣಿಸಬೇಕಾಗಿಲ್ಲ. ಡಗ್ಲಾಸ್ ಮೆಕ್‌ಇಲ್‌ರಾಯ್ ಅವರು 1964ರಷ್ಟು ಹಿಂದೆಯೇ, ತೋಟದ ನೀರಿನ ಕೊಳವೆಗಳನ್ನು ಒಂದಕ್ಕೊಂದು ಜೋಡಿಸುವಂತೆ ಕ್ರಮವಿಧಿಗಳನ್ನು ಜೋಡಿಸಬೇಕೆಂದು ಬರೆದಿಟ್ಟಿದ್ದರು; 1973ರಲ್ಲಿ ಥಾಂಪ್ಸನ್ ಅವರು ಆ ಭಾವನೆಯನ್ನು ಪೈಪು ಎಂಬ ಸಾಧನವಾಗಿ ಯೂನಿಕ್ಸಿನಲ್ಲಿ ಅಳವಡಿಸಿದರು. 1979ರಲ್ಲಿ ಹೊರಬಂದ ಯೂನಿಕ್ಸಿನ ಏಳನೆಯ ಆವೃತ್ತಿಯಲ್ಲಿ ಸ್ಟೀಫನ್ ಬೋರ್ನ್ ಅವರ ಶೆಲ್ ಸೇರಿತು. ಒಂದು ಗುರುತಿನ ಪದದವರೆಗಿನ ಸಾಲುಗಳನ್ನು ಲೇಖದ ನಡುವೆಯೇ ಬರೆದು ಕ್ರಮವಿಧಿಯ ಒಳಹರಿವಿಗೆ ಹರಿಸುವ ಅನುಕೂಲವು ಅದರಲ್ಲಿದ್ದಿತು. ಅದೇ ಆವೃತ್ತಿಯಲ್ಲಿ “ಯೆಸ್” ಎಂಬ ಪುಟ್ಟ ಆದೇಶವೂ ಕಂಡುಬರುತ್ತದೆ. ಹೌದೆಂಬುದರ ಮೊದಲಕ್ಷರವನ್ನು ಕೊನೆಯಿಲ್ಲದೆ ಸಾಲುಸಾಲಾಗಿ ಹೊರಡಿಸುತ್ತಿರುವುದೇ ಅದರ ಕೆಲಸ. ಅನುಮತಿಯ ಪ್ರಶ್ನೆಗಳನ್ನು ಮೇಲಿಂದ ಮೇಲೆ ಕೇಳುವ ಕ್ರಮವಿಧಿಯ ಬಾಯಿಗೆ ಇದನ್ನು ಜೋಡಿಸಿಬಿಟ್ಟರೆ, ಕೇಳಿದುದಕ್ಕೆಲ್ಲ ಒಪ್ಪಿಗೆಯು ದೊರೆಯುತ್ತಲೇ ಹೋಗುವುದು.

ಇಲ್ಲಿ ಪೂರ್ವಪಕ್ಷಿಯು ಹೀಗೆ ಹೇಳಬಹುದು: “ಉತ್ತರಗಳನ್ನು ಕಡತದಲ್ಲಿ ಬರೆದು ಒಳಹರಿವಿಗೆ ಹರಿಸಿದರೆ ಸಾಕಲ್ಲವೆ? ಪ್ರಶ್ನೆಯನ್ನು ಕೇಳಿಸಿಕೊಳ್ಳುವ ಆವಶ್ಯಕತೆಯೇನು?” ಈ ಪಕ್ಷವನ್ನು ಅನೇಕರು ಹಿಡಿದರು, ಇಂದಿಗೂ ಹಿಡಿಯುತ್ತಾರೆ. ಸರಳವಾದ ಸಂದರ್ಭಗಳಲ್ಲಿ ಇದು ಫಲಿಸುವುದೂ ಉಂಟು. ಆದರೆ ಇದಕ್ಕೆ ಮೂರು ಬಾಧಕಗಳಿವೆ.

ಮೊದಲನೆಯದು ಕ್ರಮಭಂಗ. ಬರೆದಿಟ್ಟ ಉತ್ತರಗಳು ಒಂದು ನಿಶ್ಚಿತ ಕ್ರಮದಲ್ಲಿರುತ್ತವೆ. ಯಂತ್ರವು ಒಂದು ದಿನ ನಡುವೆ ಒಂದು ಹೊಸ ಪ್ರಶ್ನೆಯನ್ನು ಕೇಳಿದರೆ, ಎರಡನೆಯ ಪ್ರಶ್ನೆಗೆ ಮೀಸಲಾಗಿದ್ದ ಉತ್ತರವು ಮೊದಲನೆಯದಕ್ಕೆ ಸಲ್ಲುತ್ತದೆ. ಅಲ್ಲಿಂದ ಮುಂದಿನದೆಲ್ಲವೂ ತಪ್ಪುತ್ತದೆ. “ಹೆಸರೇನು” ಎಂಬುದಕ್ಕೆ ಬರೆದ ಉತ್ತರವು “ಅಳಿಸಲೇ” ಎಂಬುದಕ್ಕೆ ಸೇರಿದರೆ ಏನಾಗುವುದೆಂಬುದನ್ನು ಊಹಿಸುವುದು ಕಷ್ಟವಲ್ಲ.

ಎರಡನೆಯದು ದ್ವಾರಭೇದ. ಗುಪ್ತಪದವನ್ನು ಕೇಳುವ ಕ್ರಮವಿಧಿಗಳು ಸಾಮಾನ್ಯವಾದ ಒಳಹರಿವನ್ನು ನಂಬದೆ, ಟರ್ಮಿನಲ್ಲನ್ನೇ ನೇರವಾಗಿ ತೆರೆದು ಅಲ್ಲಿಂದ ಓದಿಕೊಳ್ಳುತ್ತವೆ. ಏಳನೆಯ ಆವೃತ್ತಿಯ ಗುಪ್ತಪದವಾಚಕ ವಿಧಿಯಲ್ಲಿಯೇ ಈ ಏರ್ಪಾಡು ಇದ್ದಿತು. ಒತ್ತಿದ ಅಕ್ಷರಗಳು ತೆರೆಯ ಮೇಲೆ ಮೂಡದಂತೆ ತಡೆಯುವುದೂ ಅದರ ಕೆಲಸವಾದುದರಿಂದ ಅದಕ್ಕೆ ಟರ್ಮಿನಲ್ಲೇ ಬೇಕಾಗಿದ್ದಿತು. ಇದರ ಫಲವಾಗಿ ಒಳಹರಿವಿನಲ್ಲಿ ಎಷ್ಟು ಉತ್ತರಗಳನ್ನು ಹರಿಸಿದರೂ ಆ ಪ್ರಶ್ನೆಯು ಅವನ್ನು ಮುಟ್ಟದೆ, ಬಾರದ ಮನುಷ್ಯನನ್ನು ಕಾಯುತ್ತ ನಿಲ್ಲುತ್ತದೆ.

ಮೂರನೆಯದು ಎಲ್ಲಕ್ಕಿಂತಲೂ ಗೂಢವಾದುದು. ಹೊರಹರಿವು ಟರ್ಮಿನಲ್ಲಿಗೆ ಸೇರಿದ್ದಾಗ ಸಿ ಭಾಷೆಯ ಸಾಮಾನ್ಯ ಗ್ರಂಥಾಲಯವು ಮಾತುಗಳನ್ನು ಸಾಲುಸಾಲಾಗಿ ಆಗಲೇ ಹೊರಗೆ ಬಿಡುತ್ತದೆ. ಅದೇ ಹೊರಹರಿವು ಪೈಪಿಗೆ ಸೇರಿದ್ದಾಗ, ವೇಗಕ್ಕೋಸ್ಕರ, ಸಾವಿರಾರು ಅಕ್ಷರಗಳು ಕೂಡುವವರೆಗೆ ಬಫರೆಂಬ ಸಂಗ್ರಹದಲ್ಲಿ ಹಿಡಿದಿಟ್ಟು ಒಮ್ಮೆಗೇ ಬಿಡುತ್ತದೆ. ಹೀಗಿರಲು, ಪೈಪಿನ ಮೂಲಕ ಸಂವಾದವನ್ನು ಏರ್ಪಡಿಸಿದರೆ, ಕ್ರಮವಿಧಿಯು ಪ್ರಶ್ನೆಯನ್ನು ಕೇಳಿದೆನೆಂದೇ ಭಾವಿಸಿ ಉತ್ತರವನ್ನು ಕಾಯುತ್ತದೆ. ಪ್ರಶ್ನೆಯು ಸಂಗ್ರಹದಲ್ಲಿಯೇ ಉಳಿದಿರುವುದರಿಂದ ಲೇಖವು ಪ್ರಶ್ನೆಯನ್ನು ಕಾಯುತ್ತದೆ. ಇದು ಶಾಸ್ತ್ರಗಳಲ್ಲಿ ಹೇಳುವ ಅನ್ಯೋನ್ಯಾಶ್ರಯ ದೋಷದ ಪ್ರತ್ಯಕ್ಷ ಉದಾಹರಣೆಯಾಗಿದೆ. ಎರಡು ಪಕ್ಷಗಳಲ್ಲಿಯೂ ತಪ್ಪಿಲ್ಲ, ಎರಡೂ ನಿಂತುಹೋಗುತ್ತವೆ. ಈ ದೋಷವು ಶಬ್ದವಿಲ್ಲದ ದೋಷವಾದುದರಿಂದ ಇದನ್ನು ಕಂಡುಹಿಡಿಯುವುದಕ್ಕೆ ಅನೇಕರು ಬಹಳ ಶ್ರಮಪಟ್ಟಿರುತ್ತಾರೆ.

4

ಲೇಖಕ್ಕೆ ಕೇಳಿಸಿಕೊಳ್ಳುವ ಶಕ್ತಿಯನ್ನು ಕೊಡುವ ಯತ್ನವು ಅನಿರೀಕ್ಷಿತವಾದ ಕಡೆಯಿಂದ ಬಂದಿತು. ಬೆಲ್ ಪ್ರಯೋಗಶಾಲೆಯ ಮೈಕ್ ಲೆಸ್ಕ್ ಅವರು ಒಂದು ಯೂನಿಕ್ಸ್ ಯಂತ್ರವು ಇನ್ನೊಂದಕ್ಕೆ ದೂರವಾಣಿಯ ತಂತಿಯ ಮೂಲಕ ಕರೆಮಾಡಿ ಕಡತಗಳನ್ನು ಒಯ್ದುಕೊಡುವ ಯುಯುಸಿಪಿ ಎಂಬ ವ್ಯವಸ್ಥೆಯನ್ನು ರಚಿಸಿದರು. ಡೇವಿಡ್ ನೊವಿಟ್ಸ್ ಅವರೊಡನೆ ಕೂಡಿ 1978ರಲ್ಲಿ ಅದನ್ನು ವರ್ಣಿಸಿ ಲೇಖನವನ್ನೂ ಬರೆದರು. ಕರೆಮಾಡಿದ ಯಂತ್ರಕ್ಕೆ ಎದುರಿನ ಯಂತ್ರವು, ಮನುಷ್ಯನನ್ನು ಕೇಳುವಂತೆಯೇ, ನೀನಾರೆಂದು ಕೇಳುತ್ತದೆ. ಬಳಿಕ ಗುಪ್ತಪದವನ್ನು ಕೇಳುತ್ತದೆ. ಇವಕ್ಕೆ ಉತ್ತರಿಸುವುದಕ್ಕಾಗಿ, ಕರೆಯಬೇಕಾದ ಯಂತ್ರಗಳ ಪಟ್ಟಿಯ ಪ್ರತಿ ಸಾಲಿನ ಕೊನೆಯಲ್ಲಿಯೂ ಜೋಡಿಪದಗಳನ್ನು ಬರೆದಿಡುತ್ತಿದ್ದರು. ಜೋಡಿಯ ಮೊದಲನೆಯದು ಕಾಯಬೇಕಾದ ಮಾತು, ಎರಡನೆಯದು ಕಳುಹಿಸಬೇಕಾದ ಮಾತು. ಕಾದ ಮಾತು ಬಾರದಿದ್ದರೆ ಬೇರೊಂದು ಸಂಕೇತವನ್ನು ಕಳುಹಿಸಿ ಮತ್ತೆ ಕಾಯಬೇಕೆಂಬ ವಿಕಲ್ಪವನ್ನೂ ಅಡ್ಡಗೆರೆಗಳ ನಡುವೆ ಸೂಚಿಸಬಹುದಾಗಿತ್ತು.

ಈ ಜೋಡಿಗಳನ್ನು ಬರೆಯುವಲ್ಲಿ ಒಂದು ವಿನೋದಕರವಾದ ಸಂಪ್ರದಾಯವು ಬೆಳೆಯಿತು. “ಲಾಗಿನ್” ಎಂಬ ಪ್ರಶ್ನೆಯನ್ನು ಕಾಯುವಾಗ ಇಂಗ್ಲಿಷಿನ ಆ ಪದದ ಮೊದಲಕ್ಷರವನ್ನು ಬಿಟ್ಟು ಉಳಿದುದನ್ನು ಮಾತ್ರ ಬರೆಯುತ್ತಿದ್ದರು. ಕೆಲವು ಯಂತ್ರಗಳು ಮೊದಲಕ್ಷರವನ್ನು ದೊಡ್ಡಕ್ಷರವಾಗಿಯೂ ಕೆಲವು ಸಣ್ಣಕ್ಷರವಾಗಿಯೂ ಮುದ್ರಿಸುತ್ತಿದ್ದುದರಿಂದ, ಸಂಶಯಕ್ಕೆ ಆಸ್ಪದವಾದ ಅಕ್ಷರವನ್ನೇ ಕೈಬಿಡುವುದು ಸುಲಭವಾದ ಉಪಾಯವಾಗಿದ್ದಿತು. ಪಾಠಾಂತರಗಳಿರುವ ಪದವನ್ನು ಸಂಶೋಧಕನು ಎಲ್ಲ ಪ್ರತಿಗಳಿಗೂ ಸಮಾನವಾದ ಭಾಗದಿಂದ ಗುರುತಿಸಿಕೊಳ್ಳುವಂತೆ ಇವರೂ ಗುರುತಿಸಿಕೊಂಡರು.

ಸಾಮಾನ್ಯವಾಗಿ ಸಂವಾದವನ್ನು ಲೇಖದಿಂದ ನಡೆಸಿದ ಕೀರ್ತಿಯನ್ನು ಮುಂದೆ ಹೇಳಲಿರುವ ಎಕ್ಸ್‌ಪೆಕ್ಟ್ ಎಂಬ ಸಾಧನಕ್ಕೆ ಮಾತ್ರ ಸಲ್ಲಿಸುವ ವಾಡಿಕೆಯುಂಟು. ಕಾಯುವುದು, ಕಳುಹಿಸುವುದು ಎಂಬ ದ್ವಂದ್ವವು ಅದಕ್ಕಿಂತ ಹನ್ನೆರಡು ವರ್ಷಗಳ ಮೊದಲೇ ಯುಯುಸಿಪಿಯಲ್ಲಿ ಸಿದ್ಧವಾಗಿದ್ದುದರಿಂದ ಈ ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕು. ಆದರೆ ಯುಯುಸಿಪಿಯ ಜೋಡಿಗಳು ಒಂದು ಕೆಲಸಕ್ಕೆ ಮಾತ್ರ ಮೀಸಲಾಗಿದ್ದುವು. ದೂರವಾಣಿಯ ಆಚೆಯ ಯಂತ್ರದೊಡನೆ ಮಾತನಾಡಬಲ್ಲುವೇ ಹೊರತು ತನ್ನ ಮನೆಯ ಕ್ರಮವಿಧಿಯೊಡನೆ ಮಾತನಾಡಲಾರವು. ಅಲ್ಲದೆ ಕೇಳಿದ ಮಾತನ್ನು ಅನುಸರಿಸಿ ಬೇರೆಬೇರೆ ದಾರಿ ಹಿಡಿಯುವ ಶಕ್ತಿಯೂ ಅವಕ್ಕೆ ಅತ್ಯಲ್ಪವಾಗಿದ್ದಿತು. ಭಾವನೆಯ ಪ್ರಾಥಮ್ಯವು ಯುಯುಸಿಪಿಗೂ, ಅದನ್ನು ಸರ್ವಸಾಧಾರಣವಾದ ಶಾಸ್ತ್ರವಾಗಿ ಬೆಳೆಸಿದ ಶ್ರೇಯಸ್ಸು ಎಕ್ಸ್‌ಪೆಕ್ಟಿಗೂ ಸಲ್ಲುವುದು ನ್ಯಾಯ.

5

ಸರ್ವಸಾಧಾರಣವಾಗಬೇಕಾದರೆ ಎರಡು ಸಾಮಗ್ರಿಗಳು ಬೇಕಾಗಿದ್ದುವು. ಒಂದು, ಟರ್ಮಿನಲ್ಲೇ ತನ್ನ ಎದುರಿಗಿದೆಯೆಂದು ಕ್ರಮವಿಧಿಯು ನಂಬುವಂತಹ ಕೃತಕ ಟರ್ಮಿನಲ್ಲು. ಇನ್ನೊಂದು, ಲೇಖವನ್ನು ಬರೆಯುವುದಕ್ಕೆ ಒಗ್ಗುವಂತಹ ಚಿಕ್ಕ ಭಾಷೆ.

ಮೊದಲನೆಯದು ಕ್ಯಾಲಿಫೋರ್ನಿಯದ ಬರ್ಕ್‌ಲಿ ವಿಶ್ವವಿದ್ಯಾಲಯದಿಂದ 1983ರಲ್ಲಿ ಹೊರಟ 4.2 ಬಿಎಸ್‌ಡಿ ಎಂಬ ಯೂನಿಕ್ಸಿನಲ್ಲಿ ದೊರೆಯಿತು. ದೂರದ ಯಂತ್ರದಿಂದ ಜಾಲದ ಮೂಲಕ ಬಂದವನಿಗೆ ಇಲ್ಲಿ ನಿಜವಾದ ಟರ್ಮಿನಲ್ಲು ಇರುವುದಿಲ್ಲ. ಅವನಿಗಾಗಿ ಮಿಥ್ಯಾ ಟರ್ಮಿನಲ್ಲನ್ನು ಕಲ್ಪಿಸಬೇಕಾಗುತ್ತದೆ. ಇದಕ್ಕೆ ಎರಡು ತುದಿಗಳು. ಒಂದು ತುದಿಯಲ್ಲಿರುವ ಕ್ರಮವಿಧಿಗೆ ಅದು ಎಲ್ಲ ವಿಧದಲ್ಲಿಯೂ ಟರ್ಮಿನಲ್ಲಾಗಿಯೇ ತೋರುತ್ತದೆ; ಇನ್ನೊಂದು ತುದಿಯನ್ನು ಹಿಡಿದಿರುವವನು ಮನುಷ್ಯನೋ ಮತ್ತೊಂದು ಕ್ರಮವಿಧಿಯೋ ಎಂಬುದನ್ನು ಅದು ತಿಳಿಯಲಾರದು. ಇದರಿಂದ ಮೇಲೆ ಹೇಳಿದ ಎರಡನೆಯ ಮತ್ತು ಮೂರನೆಯ ಬಾಧಕಗಳು ಒಟ್ಟಿಗೇ ಪರಿಹಾರವಾದುವು. ಟರ್ಮಿನಲ್ಲನ್ನು ನೇರವಾಗಿ ತೆರೆದು ಓದುವ ಕ್ರಮವಿಧಿಗೆ ಟರ್ಮಿನಲ್ಲೇ ದೊರೆಯಿತು. ಟರ್ಮಿನಲ್ಲೆಂದು ತಿಳಿದುದರಿಂದ ಗ್ರಂಥಾಲಯವು ಪ್ರಶ್ನೆಯನ್ನು ಸಂಗ್ರಹದಲ್ಲಿ ಹಿಡಿದಿಡದೆ ಆಗಲೇ ಹೊರಗೆ ಬಿಟ್ಟಿತು.

ಎರಡನೆಯ ಸಾಮಗ್ರಿಯನ್ನು ಅದೇ ಬರ್ಕ್‌ಲಿಯ ಜಾನ್ ಔಸ್ಟರ್‌ಹೌಟ್ ಅವರು ಒದಗಿಸಿದರು. ಇತರ ಕ್ರಮವಿಧಿಗಳ ಒಳಗೆ ಸೇರಿಸಿಕೊಳ್ಳಬಹುದಾದ ಟಿಕಲ್ ಎಂಬ ಆದೇಶಭಾಷೆಯ ರಚನೆಯನ್ನು ಅವರು 1988ರಲ್ಲಿ ಆರಂಭಿಸಿ, 1990ರ ಆದಿಯಲ್ಲಿ ನಡೆದ ಯೂಸ್‌ನಿಕ್ಸ್ ಸಭೆಯಲ್ಲಿ ಅದನ್ನು ಕುರಿತು ಉಪನ್ಯಾಸವನ್ನು ಓದಿದರು.

ಅಮೆರಿಕ ಸರ್ಕಾರದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿದ್ದ ಡಾನ್ ಲಿಬ್ಸ್ ಅವರ ಮನಸ್ಸಿನಲ್ಲಿ ಸಂವಾದವನ್ನು ಲೇಖದಿಂದ ನಡೆಸುವ ಸಾಧನದ ಯೋಚನೆಯು 1987ರ ಸೆಪ್ಟೆಂಬರಿನಲ್ಲಿಯೇ ಮೂಡಿದ್ದಿತು. ಹೊಸದೊಂದು ಭಾಷೆಯನ್ನು ಅದಕ್ಕಾಗಿಯೇ ಕಟ್ಟುವುದು ಅವರಿಗೆ ಬೇಡವಾಗಿದ್ದಿತು. ಟಿಕಲ್ ಕಣ್ಣಿಗೆ ಬಿದ್ದೊಡನೆಯೇ ಆ ಅಡ್ಡಿಯು ತೊಲಗಿತು. 1990ರ ಜನವರಿಯಿಂದ ಏಪ್ರಿಲಿನವರೆಗಿನ ಅಲ್ಪಕಾಲದಲ್ಲಿ ಸಾಧನದ ಬಹುಭಾಗವು ಸಿದ್ಧವಾಯಿತು. ಆ ವರ್ಷದ ಬೇಸಗೆಯ ಯೂಸ್‌ನಿಕ್ಸ್ ಸಭೆಯಲ್ಲಿ ಅದನ್ನು ವಿದ್ವಾಂಸರ ಮುಂದಿಟ್ಟರು. ಸರ್ಕಾರಿ ಸಂಸ್ಥೆಯ ಕೃತಿಯಾದುದರಿಂದ ಅದು ಯಾರ ಸ್ವಾಮ್ಯಕ್ಕೂ ಒಳಪಡದೆ ಸಾರ್ವಜನಿಕವಾಗಿಯೇ ಹರಡಿತು. ಬಳಿಕ ಲಿಬ್ಸ್ ಅವರು ಇದನ್ನು ಕುರಿತು ಆರುನೂರು ಪುಟಗಳಷ್ಟು ವಿಸ್ತಾರವಾದ ಗ್ರಂಥವನ್ನೂ ರಚಿಸಿದರು.

ಸಾಧನಕ್ಕೆ ಇಟ್ಟ ಹೆಸರು “ಎಕ್ಸ್‌ಪೆಕ್ಟ್”. ಕನ್ನಡದಲ್ಲಿ ಇದನ್ನು “ನಿರೀಕ್ಷಿಸು” ಎನ್ನಬಹುದು. ಇದರ ಮುಖ್ಯ ಆದೇಶಗಳು ನಾಲ್ಕು. ಕ್ರಮವಿಧಿಯನ್ನು ಮಿಥ್ಯಾ ಟರ್ಮಿನಲ್ಲಿನ ಮೇಲೆ ಎಬ್ಬಿಸುವುದು ಒಂದು. ಅದು ಹೇಳುವ ಮಾತನ್ನು ನಿರೀಕ್ಷಿಸುವುದು ಎರಡು. ಅದಕ್ಕೆ ಉತ್ತರವನ್ನು ಕಳುಹಿಸುವುದು ಮೂರು. ಬೇಕಾದಾಗ ಸಂವಾದವನ್ನು ಮನುಷ್ಯನ ಕೈಗೆ ಒಪ್ಪಿಸಿ ತಾನು ಬದಿಗೆ ಸರಿಯುವುದು ನಾಲ್ಕು. ಒಂದೇ ಸಲಕ್ಕೆ ಅನೇಕ ಮಾತುಗಳನ್ನು ನಿರೀಕ್ಷಿಸಿ, ಯಾವುದು ಬಂದರೆ ಯಾವ ದಾರಿಯೆಂದು ವಿಧಿಸಬಹುದಾದುದರಿಂದ ಕ್ರಮಭಂಗವೆಂಬ ಮೊದಲನೆಯ ಬಾಧಕವೂ ನಿವಾರಣೆಯಾಯಿತು. ನಿರೀಕ್ಷೆಗೆ ಅವಧಿಯೂ ಉಂಟು. ಬೇರೆ ಹೇಳದಿದ್ದರೆ ಹತ್ತು ಸೆಕೆಂಡುಗಳ ತರುವಾಯ ಲೇಖವು ಕಾಯುವುದನ್ನು ಬಿಟ್ಟು ಮುಂದಕ್ಕೆ ನಡೆಯುತ್ತದೆ.

ವಾಕ್ಯಾರ್ಥಬೋಧಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಕಾರಣಗಳನ್ನು ನಮ್ಮ ತಾರ್ಕಿಕರೂ ಮೀಮಾಂಸಕರೂ ಹೇಳಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಒಂದು ಪದವು ಇನ್ನೊಂದನ್ನು ಬಯಸುವುದು ಆಕಾಂಕ್ಷೆ. ಎರಡರ ಅರ್ಥಗಳಿಗೂ ವಿರೋಧವಿಲ್ಲದಿರುವುದು ಯೋಗ್ಯತೆ. ವಿಳಂಬವಿಲ್ಲದೆ ಉಚ್ಚರಿತವಾಗುವುದು ಸನ್ನಿಧಿ. ಈ ಮೂರನ್ನೂ ಎಕ್ಸ್‌ಪೆಕ್ಟಿನಲ್ಲಿ ಕಾಣಬಹುದು. ಪ್ರಶ್ನೆಯನ್ನು ನಿರೀಕ್ಷಿಸುವುದು ಆಕಾಂಕ್ಷೆಯ ಸ್ಥಾನದಲ್ಲಿದೆ. ಬಂದ ಮಾತನ್ನು ನೋಡಿ ತಕ್ಕ ಉತ್ತರವನ್ನು ಆರಿಸುವುದು ಯೋಗ್ಯತೆಯ ಸ್ಥಾನದಲ್ಲಿದೆ. ಅವಧಿಯೊಳಗೆ ಬಂದರೆ ಮಾತ್ರ ಅನ್ವಯಿಸುವುದು ಸನ್ನಿಧಿಯ ಸ್ಥಾನದಲ್ಲಿದೆ. ಇದು ಸಾದೃಶ್ಯಮಾತ್ರವೇ ಹೊರತು ಪ್ರಭಾವವಲ್ಲ. ಆದರೂ ಪೈಪಿನ ಮೂಲಕ ಉತ್ತರಗಳನ್ನು ಹರಿಸುವ ಹಳೆಯ ಪದ್ಧತಿಯು ಏಕೆ ಸೋತಿತೆಂಬುದನ್ನು ಈ ಸಾದೃಶ್ಯವು ಚೆನ್ನಾಗಿ ವಿವರಿಸುತ್ತದೆ: ಅಲ್ಲಿ ಪದಗಳಿದ್ದುವು, ಆಕಾಂಕ್ಷೆಯಿರಲಿಲ್ಲ.

6

ಲಿಬ್ಸ್ ಅವರು ಕೊಟ್ಟ ಉದಾಹರಣೆಗಳಲ್ಲಿ ಕೆಲವು ಉಲ್ಲೇಖಾರ್ಹವಾಗಿವೆ. ರೋಗ್ ಎಂಬ ಆಟದಲ್ಲಿ ಆಟಗಾರನ ಬಲವು ಸಾಮಾನ್ಯವಾಗಿ 16 ಆಗಿದ್ದು, ಎಂದೋ ಒಮ್ಮೆ 18 ಆಗಿ ಆರಂಭವಾಗುವುದುಂಟು. ಆಟವನ್ನು ಎಬ್ಬಿಸಿ, 18 ಕಾಣಿಸದಿದ್ದರೆ ನಿಲ್ಲಿಸಿ, ಮತ್ತೆ ಎಬ್ಬಿಸಿ, ಕಂಡೊಡನೆ ಆಟವನ್ನು ಮನುಷ್ಯನ ಕೈಗೆ ಒಪ್ಪಿಸುವ ಕೆಲವೇ ಸಾಲುಗಳ ಲೇಖವು ಬಹು ಪ್ರಸಿದ್ಧವಾಯಿತು. ಇದು ವಿನೋದವಾದರೂ, ಬೇಸರದ ಭಾಗವನ್ನು ಲೇಖಕ್ಕೂ ವಿವೇಚನೆಯ ಭಾಗವನ್ನು ಮನುಷ್ಯನಿಗೂ ಹಂಚಬಹುದೆಂಬ ತತ್ತ್ವವನ್ನು ತೋರಿಸಿತು.

ಇನ್ನೊಂದು ಉದಾಹರಣೆಯು ಗಂಭೀರವಾದುದು. ಕಡತವ್ಯವಸ್ಥೆಯನ್ನು ಪರೀಕ್ಷಿಸಿ ತಿದ್ದುವ ಎಫ್‌ಎಸ್‌ಸಿಕೆ ಎಂಬ ಕ್ರಮವಿಧಿಯು ದೋಷವನ್ನು ಕಂಡಾಗಲೆಲ್ಲ “ತಿದ್ದಲೇ, ತೆಗೆದುಹಾಕಲೇ” ಎಂದು ಅನುಮತಿಯನ್ನು ಬೇಡುತ್ತದೆ. ಮನುಷ್ಯನು ಎದುರಿಗಿಲ್ಲದಾಗ ಅದಕ್ಕೆ ಇದ್ದ ಉಪಾಯಗಳು ಎರಡೇ: ಎಲ್ಲಕ್ಕೂ ಹೌದೆನ್ನುವ ಸಂಕೇತ, ಎಲ್ಲಕ್ಕೂ ಇಲ್ಲವೆನ್ನುವ ಸಂಕೇತ. ಮೊದಲನೆಯದು ಅಳಿಸಬಾರದುದನ್ನೂ ಅಳಿಸಬಹುದು. ಎರಡನೆಯದು ಏನನ್ನೂ ಸರಿಪಡಿಸದು. ಇಂತಹ ಪ್ರಶ್ನೆಗೆ ಹೌದು, ಇಂತಹುದಕ್ಕೆ ಇಲ್ಲ, ಇಂತಹುದು ಬಂದರೆ ಮನುಷ್ಯನನ್ನು ಕರೆ ಎಂದು ವಿವೇಕವನ್ನೇ ಲೇಖರೂಪದಲ್ಲಿ ಬರೆದಿಡಲು ಎಕ್ಸ್‌ಪೆಕ್ಟ್ ಅವಕಾಶ ಕೊಟ್ಟಿತು. ಅನುಮತಿಯ ಪ್ರಶ್ನೆಗೆ ಯೆಸ್ ಎಂಬ ಆದೇಶವು ಕೊಡುವ ಉತ್ತರಕ್ಕೂ ಇದಕ್ಕೂ ಇರುವ ತಾರತಮ್ಯವು ಬಹು ದೊಡ್ಡದು.

ಶಾಸ್ತ್ರಕ್ಕೆ ಉಪಯೋಗವೂ ಆಯಿತು. ರಾಬ್ ಸವಾಯ್ ಅವರು ರಚಿಸಿದ ಡೆಜಾಗ್ನು ಎಂಬ ಪರೀಕ್ಷಾವ್ಯವಸ್ಥೆಯು ಎಕ್ಸ್‌ಪೆಕ್ಟಿನ ಮೇಲೆಯೇ ನಿಂತಿತು. ಗ್ನು ಸಮುದಾಯದ ಭಾಷಾಂತರಕಾರಿಯನ್ನೂ ದೋಷಶೋಧಕವನ್ನೂ ಅದರಿಂದ ಪರೀಕ್ಷಿಸಿದರು. ದೋಷಶೋಧಕವು ಸಂವಾದದಿಂದಲೇ ನಡೆಯುವ ಕ್ರಮವಿಧಿಯಾದುದರಿಂದ, ಸಾವಿರಾರು ಪ್ರಶ್ನೋತ್ತರಗಳನ್ನು ಮನುಷ್ಯನು ಕುಳಿತು ನಡೆಸುವುದು ಅಸಾಧ್ಯವಾಗಿತ್ತು. ನೋಹ ಸ್ಪರಿಯರ್ ಅವರು ಇದೇ ಭಾವನೆಯನ್ನು ಪೈಥಾನ್ ಭಾಷೆಗೆ ತಂದು ಪಿಎಕ್ಸ್‌ಪೆಕ್ಟ್ ಎಂಬುದನ್ನು ರಚಿಸಿದರು. ಮನುಷ್ಯನು ಒಮ್ಮೆ ನಡೆಸಿದ ಸಂವಾದವನ್ನು ಪಕ್ಕದಲ್ಲಿ ನಿಂತು ನೋಡಿ ತಾನೇ ಲೇಖವನ್ನು ಬರೆದುಕೊಡುವ ಆಟೊಎಕ್ಸ್‌ಪೆಕ್ಟ್ ಎಂಬ ಸಾಧನವೂ ಬಂದಿತು. ಮನುಷ್ಯನು ಬೆರಳಚ್ಚು ಮಾಡುವಂತೆಯೇ ಅಕ್ಷರಗಳ ನಡುವೆ ಅಸಮವಾದ ಅಂತರವನ್ನು ಬಿಟ್ಟು ಕಳುಹಿಸುವ ಏರ್ಪಾಡೂ ಎಕ್ಸ್‌ಪೆಕ್ಟಿನಲ್ಲಿದೆ; ಆ ಅಂತರಗಳನ್ನು ಸಂಖ್ಯಾಶಾಸ್ತ್ರದ ವೈಬುಲ್ ವಿತರಣೆಯನ್ನು ಅನುಸರಿಸಿ ನಿರ್ಣಯಿಸುತ್ತಾರೆ.

ದೋಷಗಳನ್ನೂ ಹೇಳದೆ ಬಿಡುವುದು ಸರಿಯಲ್ಲ. ಲೇಖವು ನಿರೀಕ್ಷಿಸುವುದು ಅರ್ಥವನ್ನಲ್ಲ, ಅಕ್ಷರಗಳನ್ನು. ಕ್ರಮವಿಧಿಯನ್ನು ಬರೆದವನು ಪ್ರಶ್ನೆಯ ಒಂದು ಪದವನ್ನು ಬದಲಿಸಿದರೂ, ಅಥವಾ ಬಳಕೆದಾರನು ಬೇರೆ ಭಾಷೆಯನ್ನು ಆರಿಸಿಕೊಂಡಿದ್ದರೂ, ನಿರೀಕ್ಷೆಯು ವ್ಯರ್ಥವಾಗುತ್ತದೆ. ಅವಧಿಯು ಚಿಕ್ಕದಾದರೆ ನಿಧಾನವಾದ ಯಂತ್ರದಲ್ಲಿ ಲೇಖವು ಅವಸರಪಡುತ್ತದೆ. ದೊಡ್ಡದಾದರೆ ನಿಂತುಹೋದ ಯಂತ್ರದ ಮುಂದೆ ಸುಮ್ಮನೆ ಕಾಯುತ್ತದೆ.

7

ಉಳಿದುದು ಅಧಿಕಾರದ ಪ್ರಶ್ನೆ. ಗುಪ್ತಪದವನ್ನು ಕೇಳುವ ಕ್ರಮವಿಧಿಯು ಟರ್ಮಿನಲ್ಲನ್ನೇ ತೆರೆಯುತ್ತಿದ್ದುದು ಎದುರಿಗೆ ಮನುಷ್ಯನಿರಬೇಕೆಂಬ ಆಶಯದಿಂದ. ಮಿಥ್ಯಾ ಟರ್ಮಿನಲ್ಲು ಆ ಆಶಯವನ್ನು ವಂಚಿಸಿತು. ಆದರೆ ವಂಚಿಸಿದುದರಿಂದ ಬಂದ ಕಷ್ಟವು ವಂಚಿಸಿದವನಿಗೇ ತಗುಲಿತು. ಏತಕ್ಕೆಂದರೆ, ಲೇಖವು ಗುಪ್ತಪದವನ್ನು ಹೇಳಬೇಕಾದರೆ ಗುಪ್ತಪದವು ಲೇಖದಲ್ಲಿ ಬರೆದಿರಬೇಕು. ಬರೆದುದನ್ನು ಓದಬಲ್ಲವರೆಲ್ಲರಿಗೂ ಅದು ಗುಪ್ತವಾಗಿ ಉಳಿಯುವುದಿಲ್ಲ. ಯುಯುಸಿಪಿಯ ಪಟ್ಟಿಯಲ್ಲಿಯೇ ಈ ಕಷ್ಟವು ಇದ್ದಿತು. ಆದುದರಿಂದಲೇ ಆ ಪಟ್ಟಿಯನ್ನು ಇತರರು ಓದದಂತೆ ಕಾಪಾಡಬೇಕಾಗಿದ್ದಿತು.

ಈ ಕಷ್ಟಕ್ಕೆ ಪರಿಹಾರವು ಉತ್ತರವನ್ನು ಚೆನ್ನಾಗಿ ಹೇಳುವುದರಿಂದ ಬರಲಿಲ್ಲ. ಪ್ರಶ್ನೆಯನ್ನೇ ಬದಲಿಸುವುದರಿಂದ ಬಂದಿತು. 1995ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ತಂತ್ರಜ್ಞಾನ ವಿಶ್ವವಿದ್ಯಾಲಯದ ಜಾಲದಲ್ಲಿ ಗುಪ್ತಪದಗಳ ಕಳವು ನಡೆದ ತರುವಾಯ, ಅಲ್ಲಿಯವರೇ ಆದ ತಾತು ಯ್ಲೋನೆನ್ ಅವರು ಎಸ್‌ಎಸ್‌ಎಚ್ ಎಂಬ ಸುರಕ್ಷಿತ ಪ್ರವೇಶದ ವ್ಯವಸ್ಥೆಯನ್ನು ರಚಿಸಿದರು. ಇದರಲ್ಲಿ ಕೀಲಿಗಳ ಜೋಡಿಯೊಂದಿರುತ್ತದೆ. ಬಹಿರಂಗವಾದ ಕೀಲಿಯನ್ನು ಎದುರಿನ ಯಂತ್ರದಲ್ಲಿ ಇಡಬಹುದು; ರಹಸ್ಯವಾದ ಕೀಲಿಯು ಒಡೆಯನ ಬಳಿಯಿಂದ ಹೊರಡುವುದೇ ಇಲ್ಲ. ರಹಸ್ಯವನ್ನು ಹೇಳದೆಯೇ, ರಹಸ್ಯವು ತನ್ನಲ್ಲಿದೆಯೆಂದು ಸ್ಥಾಪಿಸುವುದು ಇಲ್ಲಿ ಸಾಧ್ಯವಾದುದರಿಂದ ಲೇಖವು ಗುಪ್ತಪದವನ್ನು ಒದರಬೇಕಾದ ಪ್ರಸಂಗವು ತಪ್ಪಿತು. ಯಾರೂ ಎದುರಿಗಿಲ್ಲವೆಂದು ಮೊದಲೇ ತಿಳಿಸಿದರೆ, ಗುಪ್ತಪದವನ್ನು ಕೇಳದೆ ನೇರವಾಗಿ ವಿಫಲವಾಗುವ ಏರ್ಪಾಡನ್ನೂ ಎಸ್‌ಎಸ್‌ಎಚ್‌ನಲ್ಲಿ ಇಟ್ಟಿದ್ದಾರೆ. ಇಲ್ಲದವರನ್ನು ಕಾಯುವುದಕ್ಕಿಂತ ಇಲ್ಲವೆಂದು ಹೇಳಿ ಮುಗಿಸುವುದು ಮೇಲಲ್ಲವೆ?

ಅದೇ ವ್ಯವಸ್ಥೆಯಲ್ಲಿ ಇನ್ನೊಂದು ಪ್ರಶ್ನೆಯೂ ಇದೆ. ಹೊಸ ಯಂತ್ರವನ್ನು ಮೊದಲಬಾರಿಗೆ ಸೇರುವಾಗ, ಆ ಯಂತ್ರದ ಕೀಲಿಯ ಗುರುತನ್ನು ತೋರಿಸಿ, ಇದನ್ನು ನಂಬಬಹುದೇ ಎಂದು ಅದು ಕೇಳುತ್ತದೆ. ಹೌದೆಂಬುದನ್ನು ಒಂದೇ ಅಕ್ಷರದಿಂದ ಸೂಚಿಸದೆ ಪೂರ್ಣಪದವಾಗಿ ಬರೆಯಬೇಕೆಂದೂ ವಿಧಿಸುತ್ತದೆ. ವೇಷಧಾರಿಯಾದ ಯಂತ್ರವು ನಡುವೆ ನುಗ್ಗದಂತೆ ತಡೆಯುವುದು ಇದರ ಪ್ರಯೋಜನ. ಈ ಪ್ರಶ್ನೆಗೆ ಗುರುತನ್ನು ಹೋಲಿಸಿ ನೋಡದೆ ಹೌದೆಂದೇ ಉತ್ತರಿಸುವ ಲೇಖಗಳು ಎಷ್ಟೋ ಕಡೆ ಚಲಾವಣೆಯಲ್ಲಿವೆ. ಇದು ಕಾವಲುಗಾರನನ್ನು ನಿಲ್ಲಿಸಿ ಅವನ ಕಣ್ಣಿಗೆ ಬಟ್ಟೆ ಕಟ್ಟಿದಂತೆ. ಲೇಖವು ಸಂವಾದವನ್ನು ದಕ್ಷವಾಗಿಯೇ ನಡೆಸಿತು. ಸಂವಾದದ ಪ್ರಯೋಜನವು ಮಾತ್ರ ಕೆಟ್ಟಿತು.

ಜಿಜ್ಞಾಸೆಯ ಪ್ರಶ್ನೆಗಳಿಗೂ ಕ್ರಮೇಣ ಬೇರೆ ಗತಿಯು ಒದಗಿತು. ಡೆಬಿಯನ್ ವ್ಯವಸ್ಥೆಯಲ್ಲಿ ಜೋಯಿ ಹೆಸ್ ಅವರು ರಚಿಸಿದ ಡೆಬ್‌ಕಾನ್ಫ್ ಎಂಬ ಏರ್ಪಾಡು, ತಂತ್ರಾಂಶವನ್ನು ಸ್ಥಾಪಿಸುವಾಗ ಬರುವ ಪ್ರಶ್ನೆಗಳನ್ನು ಅವುಗಳ ಪ್ರಾಮುಖ್ಯಕ್ಕೆ ಅನುಸಾರವಾಗಿ ನಾಲ್ಕು ಮಟ್ಟಗಳಲ್ಲಿ ವಿಂಗಡಿಸುತ್ತದೆ. ಉತ್ತರಗಳನ್ನು ಪ್ರಶ್ನೆಯ ಹೆಸರಿನೊಡನೆ ಮೊದಲೇ ದಾಖಲಿಸಿಡುವುದಕ್ಕೆ ಅವಕಾಶ ಕೊಡುತ್ತದೆ. ಯಾರೂ ಎದುರಿಗಿಲ್ಲದಾಗ ದಾಖಲೆಯಿಂದಲೇ ಮುಂದುವರಿಯುತ್ತದೆ. ಇಲ್ಲಿ ಉತ್ತರವು ಪ್ರಶ್ನೆಯ ಅಕ್ಷರಗಳಿಗೆ ಅಂಟಿಕೊಳ್ಳದೆ ಅದರ ನಾಮಕ್ಕೆ ಅಂಟಿಕೊಂಡಿರುವುದರಿಂದ, ಪ್ರಶ್ನೆಯನ್ನು ಯಾವ ಭಾಷೆಯಲ್ಲಿ ಬರೆದರೂ ಕೆಡುವುದಿಲ್ಲ. ಮೊದಲಿನ ಲೇಖಮುಖವಾದ ವ್ಯವಹಾರವೇ ಸಂವಾದದ ಅನುಭವವನ್ನು ಪಡೆದು ಮರಳಿ ಬಂದಂತಾಯಿತು.

ಇಷ್ಟು ಚರಿತ್ರೆಯಿಂದ ಫಲಿಸುವ ಅಂಶಗಳನ್ನು ಸಂಗ್ರಹಿಸಿ ಹೇಳಬಹುದು. ಜಿಜ್ಞಾಸೆಯ ಪ್ರಶ್ನೆಗೆ ಉತ್ತರವನ್ನು ಮೊದಲೇ ಬರೆದಿಡುವುದರಲ್ಲಿ ಬಾಧಕವಿಲ್ಲ. ಅಂತಹ ಪ್ರಶ್ನೆಯನ್ನು ಕೇಳದೆಯೇ ಇರುವಂತೆ ಕ್ರಮವಿಧಿಯನ್ನು ರಚಿಸುವುದು ಇನ್ನೂ ಉತ್ತಮ. ಅನುಮತಿಯ ಪ್ರಶ್ನೆಗೆ, ಯಾವ ಸಂದರ್ಭದಲ್ಲಿ ಯಾವ ಉತ್ತರವೆಂಬ ವಿವೇಚನೆಯನ್ನು ಲೇಖದಲ್ಲಿ ಬರೆಯಬಲ್ಲವನು ಮಾತ್ರ ಲೇಖದಿಂದ ಉತ್ತರಿಸಬಹುದು. ಬರೆಯಲಾರದ ಭಾಗವನ್ನು ಮನುಷ್ಯನಿಗೆ ಬಿಡುವುದು ಯುಕ್ತ. ಎಕ್ಸ್‌ಪೆಕ್ಟಿನ ನಾಲ್ಕನೆಯ ಆದೇಶವಿರುವುದು ಅದಕ್ಕೋಸ್ಕರವೇ. ಅಧಿಕಾರದ ಪ್ರಶ್ನೆಗೆ ಗುಪ್ತಪದವನ್ನು ಲೇಖದಲ್ಲಿ ಬರೆದು ಉತ್ತರಿಸುವುದು ಬೇರೆ ದಾರಿಯಿಲ್ಲದವರ ಉಪಾಯ. ದಾರಿಯಿರುವಲ್ಲಿ ಅದು ತ್ಯಾಜ್ಯ.

ಲೇಖವು ಉತ್ತರಿಸಿದ ಮಾತ್ರಕ್ಕೆ ಉತ್ತರದ ಹೊಣೆಯು ಲೇಖದ್ದಾಗುವುದಿಲ್ಲ. ಬರೆದವನು ನಿದ್ರೆಮಾಡುತ್ತಿರುವ ಹೊತ್ತಿನಲ್ಲಿ ಯಂತ್ರವು ಕೇಳಿದ ಪ್ರಶ್ನೆಗೂ, ಅದಕ್ಕೆ ದೊರೆತ ಒಪ್ಪಿಗೆಗೂ ಬರೆದವನೇ ಕರ್ತೃ. ಆದುದರಿಂದ ಸಂವಾದವನ್ನು ಲೇಖಕ್ಕೆ ಒಪ್ಪಿಸುವವನು, ಯಂತ್ರವು ಏನನ್ನು ಕೇಳುತ್ತದೆಂಬುದರ ಜೊತೆಗೆ ಅದು ಏತಕ್ಕೆ ಕೇಳುತ್ತದೆಂಬುದನ್ನೂ ತಿಳಿದು ಬರೆಯತಕ್ಕದ್ದು.